ಫ್ಯಾನಿನ ಶ್ರುತಿ

"ಇದ್ಯಾರು ನನ್ನ ದೊಡ್ಡಮ್ಮನ ಜೊತೆ ದನಿಗೂಡಿಸ್ತಿರೋದು?"

ಉತ್ತರ ಕೊಡಲು ಕೋಣೆಯಲ್ಲಿ ಯಾರೂ ಇರಲಿಲ್ಲ. ಧ್ವನಿಮುದ್ರಣ ಮಾಡುವವಳು ಹೆಡ್‌ಫೋನನ್ನು ಕಿವಿಗೊತ್ತಿ ಮುದ್ರಣವನ್ನು ಮತ್ತೆ ಆಲಿಸಿದಳು. ದೊಡ್ಡಮ್ಮನ ಪದ್ಯದ ಬೆನ್ನಿಗೇ ಒಂದು ಗುಂಯ್‌ಕಾರ. ಮೇಜಿನ ಕೆಳಗಿನ ಕಂಪ್ಯೂಟರಿನ ಫ್ಯಾನು! ಮನೆಬಳಕೆಯ ಆ ಪೆಟ್ಟಿಗೆ ಬಿಸಿಯಾದಂತೆಲ್ಲ ಫ್ಯಾನಿನ ಸದ್ದು ಏರಿತ್ತು. ದೊಡ್ಡಮ್ಮ ಅದನ್ನೇ ಶ್ರುತಿಯೆಂದು ನಂಬಿ ಜೊತೆಗೇ ಏರುತ್ತ ಹೋಗಿದ್ದಳು. ನಲವತ್ತನೆಯ ಪದ್ಯಕ್ಕೆ ಗಂಟಲು ಕಟ್ಟಿತ್ತು.

ಸಾವಿರದ ಎಂಟುನೂರು ಪದ್ಯಗಳ ಆ ಕಾವ್ಯ ಯಾವ ಪುಸ್ತಕದಲ್ಲೂ ಇರಲಿಲ್ಲ, ಇದ್ದದ್ದು ದೊಡ್ಡಮ್ಮನ ನಾಲಗೆಯ ಮೇಲೆ ಮಾತ್ರ. ಆ ದನಿಯೋ ದಿನದಿಂದ ದಿನಕ್ಕೆ ಸವೆಯುತ್ತಿತ್ತು. ಇನ್ನೊಂದು ಸಲ ಹೇಳಿಸಬಹುದು. ಮೂರನೆಯ ಸಲ ಇಲ್ಲ.

ಮರುದಿನವೇ ಕಂಪ್ಯೂಟರ್ ಅಂಗಡಿಗೆ ಹೋದಳು. ಅಂಗಡಿಯವನು ಗಾಜಿನ ಬದಿಯ, ಬಣ್ಣಬಣ್ಣದ ದೀಪಗಳ ಪೆಟ್ಟಿಗೆಯೊಂದನ್ನು ಮದುಮಗನಂತೆ ಮುಂದೆ ನಿಲ್ಲಿಸಿದ. "ವೇಗದಲ್ಲಿ ಇದನ್ನ ಮೀರಿಸೋದು ಇಲ್ಲ ಅಕ್ಕ."

"ದಿನವಿಡೀ ಓಡಿಸಿದ್ರೆ?"

"ಮನೇಲಿ ಯಾರು ದಿನವಿಡೀ ಓಡಿಸ್ತಾರೆ?"

ಮೂಲೆಯಲ್ಲಿ ಮಾಸಲು ಕಪ್ಪಿನ ಇನ್ನೊಂದಿತ್ತು.

"ಅದು ವೃತ್ತಿಯವರದ್ದು. ಆಸ್ಪತ್ರೆಯವರು, ನಕ್ಷೆ ಬರೆಯೋರು ಒಯ್ತಾರೆ. ಕೆಲಸದ ನಡುವೆ ಅದರ ನೆನಪಿನಲ್ಲಿ ಒಂದಕ್ಷರ ತಪ್ಪಿದ್ರೂ ತಾನೇ ತಿದ್ದಿಕೊಳ್ಳತ್ತೆ. ಕೆಟ್ರೆ ರಿಪೇರಿಯವರೇ ನಿಮ್ಮಲ್ಲಿಗೆ ಬರ್ತಾರೆ. ಬೆಲೆ ಜಾಸ್ತಿ, ನೋಡೋಕೆ ಹಿಟ್ಟಿನ ಡಬ್ಬ ಇದ್ದಂಗಿದೆ."

"ನಾನು ನೋಡೋಕೆ ಬಂದಿಲ್ಲಪ್ಪ, ಕೇಳೋಕೆ ಬಂದಿರೋದು. ಎರಡಕ್ಕೂ ಭಾರದ ಕೆಲಸ ಹಚ್ಚು."

ಕಣ್ಣು ಮುಚ್ಚಿ ಎರಡಕ್ಕೂ ಕಿವಿಗೊಟ್ಟಳು. ಪದ್ಯ ಕೇಳುತ್ತಲೇ ಬೆಳೆದ ಕಿವಿ. ಕಾಲು ಗಂಟೆಯೊಳಗೆ ಮದುಮಗ ಏದುಸಿರು ಬಿಡತೊಡಗಿದ. ಡಬ್ಬ ಮಾತ್ರ ಧ್ಯಾನಕ್ಕೆ ಕೂತಂತಿತ್ತು.

"ಡಬ್ಬನೇ ಕೊಡು," ಎಂದಳು.

ಅದು ಕೋಣೆಗೆ ಬಂದ ಬೆಳಿಗ್ಗೆ ದೊಡ್ಡಮ್ಮ ಮೈಕಿನ ಮುಂದೆ ಕೂತು, ದೇವರಿಗೆ ಕೈಮುಗಿದು ಬಾಯಿ ತೆರೆದಳು. ಹಾಗೇ ಮುಚ್ಚಿದಳು.

"ಶ್ರುತಿ ಎಲ್ಲೇ? ಮೂಗಿಯನ್ನ ತಂದು ಕೂರಿಸಿದ್ದೀಯಲ್ಲ! ಆ ಹಳೇದನ್ನೂ ಪಕ್ಕದಲ್ಲಿ ಆನ್ ಮಾಡೇ. ಪಾಪ, ಒಳ್ಳೇ ಜೊತೆ ಕೊಡ್ತಿತ್ತು."

"ಜೊತೆ ಎಲ್ಲಿಂದ ಬಂತು? ನಿನ್ನ ಅಟ್ಟಕ್ಕೇರಿಸಿ ಏಣಿ ತೆಗೀತಿತ್ತು ಅದು."

"ಒಂದೇ ಒಂದು ಪದ್ಯಕ್ಕೆ, ನನ್ನ ಬಂಗಾರ."

ಅವಳು ಮುದ್ರಣ ಶುರುಮಾಡುವ ಗುಂಡಿಯ ಮೇಲೆ ಬೆರಳಿಟ್ಟಳು.

"ಇಲ್ಲ ದೊಡ್ಡಮ್ಮ. ಮಾಡಲ್ಲ."