ಮುಂದಿನ ಚಕ್ರದ ಸದ್ದು

ಭಾವ ಬೋಲ್ಟಣ್ಣನ ಕೊರಳಪಟ್ಟಿಗೆ ಕೈ ಹಾಕಿದಾಗ ಅವಳು ಗಂಡನ ತಣ್ಣಗಾದ ಪಾದಕ್ಕೆ ಕಾಲುಚೀಲ ಏರಿಸುತ್ತಿದ್ದಳು. ಹಿಮ್ಮಡಿಯ ಬಳಿ ಅದು ಸಿಕ್ಕಿಕೊಂಡಿತ್ತು.

“ಚಕ್ರ ಸಡಿಲ ಅಂತ ಗೊತ್ತಿದ್ದೂ ಕಳಿಸಿದ್ಯಲ್ಲೋ, ಪಾಪಿ!”

“ಕಳಿಸಲಿಲ್ಲ ಅಣ್ಣಾ. ಅಲ್ಲಾಡಿಸಿ ನೋಡ್ದೆ, ಎಡಗಡೆ ಜಾಯಿಂಟ್ ಹೋಗಿತ್ತು. ಸ್ಪ್ಯಾನರ್ ತರೋಕೆ ಒಳಗೆ ಹೋದೆ, ಅಷ್ಟರಲ್ಲಿ ಇವ್ನು ಕಾರು ತೆಗೆದ. ಇಳಿಜಾರಿಗೆ ಹೋಗ್ಬೇಡ ಅಂತ ಹಿಂದಿನಿಂದ ಕೂಗಿದೆ. ಕನ್ನಡೀಲಿ ನೋಡಿ ಕೈ ಎತ್ತಿದ. ಹೋದ. ಇಳಿಜಾರಲ್ಲಿ ಚಕ್ರ ಕಳಚ್ತು.”

“ಸುಳ್ಳು ಬೊಗಳ್ಬೇಡ. ಸೂಜಿ ಬಿದ್ರೂ ಕೇಳಿಸ್ಕೊಳ್ಳೋನು ನನ್ನ ತಮ್ಮ. ನೀನು ಕೂಗಿದ್ರೆ ನಿಲ್ತಿರಲಿಲ್ವಾ? ಮಣ್ಣು ಮುಗೀಲಿ, ನಿನ್ನನ್ನ ಸೀದಾ ಠಾಣೆಗೆ ಎಳ್ಕೊಂಡು ಹೋಗ್ತೀನಿ.”

ಬೋಲ್ಟಣ್ಣ ಗಂಡನ ಗ್ಯಾರೇಜಿನ ಪಾಲುದಾರ. ಹನ್ನೊಂದು ವರ್ಷ ಇಬ್ಬರೂ ಒಂದೇ ಲೋಟದಲ್ಲಿ ಚಹಾ ಹಂಚಿಕೊಂಡವರು. ಅವನು ಕೊರಳಪಟ್ಟಿ ಬಿಡಿಸಿಕೊಳ್ಳಲೂ ಇಲ್ಲ.

“ಊರು ಇವನನ್ನ ಕಿವಿಯಣ್ಣ ಅಂತ ಸುಮ್ನೆ ಕರೀತಿರಲಿಲ್ಲ,” ಎಂದರು ಬಾಗಿಲಲ್ಲಿ ನಿಂತ ನಿವೃತ್ತ ಮೇಷ್ಟ್ರು. “ಸದ್ದು ಬರ್ತಿದೆ ಅಂತ ನನ್ನ ಕಾರನ್ನ ನಾಲ್ಕು ಕಡೆ ತೋರಿಸಿದ್ದೆ. ಇವನು ಒಂದು ಸುತ್ತು ಹೊಡೆದ, ಬೇರಿಂಗ್ ಅಂದ. ಬೇರಿಂಗೇ! ಹೆಂಡ್ತೀನೂ ಪಕ್ಕದಲ್ಲಿ ಕೂರಿಸ್ಕೊಂಡಿದ್ದ. ಅರೆಗಳಿಗೆ ಬಿಟ್ಟಿರ್ತಿರಲಿಲ್ಲ ಪುಣ್ಯಾತ್ಮ.”

ಕಾಲುಚೀಲದ ಮೇಲೆ ಅವಳ ಕೈ ನಿಂತಿತು.

*

ಮದುವೆಯಾದ ಎರಡನೇ ವರ್ಷ. ಕುಕ್ಕರ್ ಕೂಗಿ ಕೂಗಿ ಸುಸ್ತಾದರೂ ಅದರ ಪಕ್ಕದಲ್ಲೇ ಅವನು ನೆಮ್ಮದಿಯಾಗಿ ಪೇಪರ್ ಓದುತ್ತಿದ್ದ. ಅವತ್ತು ಸಿಕ್ಕಿಬಿದ್ದ. ತಗಡು ಬಡಿದೂ ಬಡಿದೂ ಕಿವಿ ಹೋಗಿತ್ತು.

“ಗೊತ್ತಾದ್ರೆ ಊರೆಲ್ಲ ನಗುತ್ತೆ, ಅನ್ನಕ್ಕೆ ಕಲ್ಲು ಬೀಳುತ್ತೆ. ನಿನ್ನಾಣೆ, ಯಾರಿಗೂ ಹೇಳ್ಬೇಡ. ಬೋಲ್ಟನಿಗೂ.”

ಅಂದಿನಿಂದ ಗಿರಾಕಿಯ ಕಾರು ಓಡಿಸಿ ನೋಡುವಾಗಲೆಲ್ಲ ಅವಳು ಪಕ್ಕದ ಸೀಟಿನಲ್ಲಿ. ಮುಂದಿನ ಚಕ್ರದ ಸದ್ದನ್ನು ಅವನ ಮೊಣಕಾಲಿನ ಮೇಲೆ ಬಾರಿಸುತ್ತಿದ್ದಳು. ಎಡಚಕ್ರವಾದರೆ ಹೆಬ್ಬೆರಳು, ಬಲವಾದರೆ ಕಿರುಬೆರಳು. ತಿರುವಿನಲ್ಲಿ ಕಟಕಟ ಬಾರಿಸಿದರೆ ಅವನು ಆಕ್ಸಲ್ ಎನ್ನುತ್ತಿದ್ದ. ಗುಂಡಿಗೆ ಇಳಿದಾಗ ಟಕ್ ಎಂದರೆ ಬಾಲ್ ಜಾಯಿಂಟ್. ವೇಗದೊಂದಿಗೆ ಏರುವ ಗುಂಯ್ ಸದ್ದಿಗೆ ಬೆರಳನ್ನು ಉಜ್ಜಬೇಕು, ಅದು ಬೇರಿಂಗ್. ಸದ್ದು ಹಿಡಿಯುವುದು ಅವಳು, ರೋಗ ಹೇಳುವುದು ಅವನು. ಎಂ.ಎ. ಓದಿದ ಬೆರಳುಗಳು ಅಂತ ಅವನು ರೇಗಿಸುತ್ತಿದ್ದ.

ಮೊನ್ನೆ ಬೆಳಿಗ್ಗೆ ಬಾಗಿಲಲ್ಲಿ ನಿಂತು ಕೈಸನ್ನೆ ಮಾಡಿ ಕರೆದ. ಅವಳು ಪುಸ್ತಕದಿಂದ ತಲೆ ಎತ್ತಿದಳು. “ನಿಮ್ಮ ಕಿವಿಯಾಗೋಕೇ ಹುಟ್ಟಿದೀನಾ ನಾನು? ಇವತ್ತು ಒಬ್ಬರೇ ಹೋಗಿ.”

ತುಟಿ ನೋಡಿಯೇ ಅವನಿಗೆ ಅರ್ಥವಾಯಿತು. ನಕ್ಕು ಹೋದ.

*

“ಭಾವ, ಅವರನ್ನ ಬಿಡಿ.”

ಯಾರೂ ತಿರುಗಲಿಲ್ಲ. ಅವಳು ಎದ್ದು ನಿಂತಳು.

“ಬೋಲ್ಟಣ್ಣ ಕೂಗಿದ್ದು ನಿಜ. ಇವರಿಗೆ ಕೇಳಿಸ್ತಿರಲಿಲ್ಲ. ನಾಲ್ಕು ವರ್ಷದಿಂದ.”

“ತಲೆ ಕೆಟ್ಟಿದ್ಯೇನಮ್ಮಾ?”

“ಕೇಳಿಸ್ಕೊಳ್ತಿದ್ದವಳು ನಾನು. ಮೊನ್ನೆ ಹೋಗಲಿಲ್ಲ.”

ಭಾವನ ಬೆರಳುಗಳು ಒಂದೊಂದಾಗಿ ಸಡಿಲವಾದವು. ಬೋಲ್ಟಣ್ಣ ಹೆಣದ ತಲೆಯ ಬಳಿ ಕುಸಿದು ಕೂತ. “ನನಗೂ ಹೇಳಲಿಲ್ವಲ್ಲೋ,” ಎಂದ, ಜೋರಾಗಿ, ಕಿವಿಯ ಹತ್ತಿರ ಬಾಗಿ.

ಅತ್ತೆ ಅತ್ತಿರಲಿಲ್ಲ. ಈಗಲೂ ಅಳಲಿಲ್ಲ. ಸೊಸೆಯ ಮುಖವನ್ನೇ ನೋಡಿದರು.

“ಒಂದು ದಿನ ಹೋಗಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ?”

ಅವಳು ಕೂತು ಉಳಿದ ಕಾಲುಚೀಲ ಏರಿಸಿದಳು.

*

ವ್ಯಾನಿನಲ್ಲಿ ಯಾರೂ ಅವಳ ಪಕ್ಕ ಕೂರಲಿಲ್ಲ. ಗೇಟು ದಾಟಿ ದೊಡ್ಡ ರಸ್ತೆಗೆ ಬಂದಾಗ ಶುರುವಾಯಿತು, ಸಣ್ಣಗೆ, ಗುಂಯ್ ಎಂದು. ಮುಂದಿನ ಎಡಚಕ್ರ. ಬೋಲ್ಟಣ್ಣ ತಲೆ ಎತ್ತಿ ಅವಳನ್ನು ನೋಡಿದ, ಕಣ್ಣು ತಪ್ಪಿಸಿದ.

ಬಿಳಿ ಬಟ್ಟೆಯ ಕೆಳಗೆ ಅವಳ ಕೈ ಅವನ ಮೊಣಕಾಲನ್ನು ಹುಡುಕಿಕೊಂಡಿತು. ಅದು ಮರಗಟ್ಟಿತ್ತು. ಹೆಬ್ಬೆರಳಿನಿಂದ ಉಜ್ಜಿದಳು. ವ್ಯಾನು ವೇಗ ಏರಿಸಿತು, ಸದ್ದೂ ಏರಿತು. ಅವಳು ಇನ್ನಷ್ಟು ಒತ್ತಿ ಉಜ್ಜಿದಳು.