ಅಬ್ದುಲ್ಲ ಕುಂಞಿ ಗೆಲ್ಲುತ್ತದೆ ಎಂದ ತಂಡ

ಸೌದಿಯ ರಾಬಿಗ್‌ನ ರಿಫೈನರಿ ಕಾಲೊನಿಯಲ್ಲಿ ಅಬ್ದುಲ್ಲ ಕುಂಞಿಯ ಬಾಯಿಗೆ ಹೆದರದವರಿರಲಿಲ್ಲ. ಬೈಯುವ ಬಾಯಿಯಲ್ಲ ಅದು. ಆ ಮನುಷ್ಯ ಗಟ್ಟಿಯಾಗಿ ಗದರಿದ್ದನ್ನೂ ಯಾರೂ ಕೇಳಿಲ್ಲ. ಅದು ಹೊಗಳುವ ಬಾಯಿ. ಅವನು ಯಾವ ತಂಡ ಗೆಲ್ಲುತ್ತದೆ ಎನ್ನುತ್ತಾನೋ ಆ ತಂಡ ಸೋಲುತ್ತದೆ. ಒಂದೆರಡು ಸಲವಾದರೆ ಗ್ರಹಚಾರ ಎಂದು ಬಿಡಬಹುದಿತ್ತು. ವರ್ಷ ವರ್ಷವೂ ಹೀಗೇ ಆದಾಗ ಜನರಿಗೆ ಅದೊಂದು ನಂಬಿಕೆಯೇ ಆಗಿಹೋಯಿತು.

ಅದೂ ಕ್ರಿಕೆಟ್ ಅಲ್ಲ, ಅಮೆರಿಕದವರ ಫುಟ್‌ಬಾಲ್. ಅವನ ಹೆಂಡತಿ ಆಯಿಶತ್‌ಗೆ ಆ ಆಟದ ಮೇಲೆ ಮೊದಲಿನಿಂದಲೂ ತಕರಾರು. ಹೆಸರು ಕಾಲಿನದು, ಹಿಡಿಯುವುದು ಕೈಯಲ್ಲಿ. ಚೆಂಡಾದರೂ ನೆಟ್ಟಗೆ ಗುಂಡಗಿದೆಯೇ, ಅದೂ ಇಲ್ಲ. ಆದರೆ ಪಂಪ್ ವಿಭಾಗದ ಫೋರ್‌ಮನ್ ಆಗಿದ್ದ ಗಂಡನಿಗೆ ಅದರ ಹುಚ್ಚು ಹಿಡಿಸಿದ್ದು ಅವನ ಮೇಲಿನ ಎಂಜಿನಿಯರ್ ಡ್ವೇನ್. ಮಿನ್ನೆಸೋಟ ಎಂಬ ಹಿಮದ ಊರಿನವನು, ಅರುವತ್ತು ದಾಟಿದ ಒಂಟಿ ಮನುಷ್ಯ. ಆಟ ಅರ್ಥವಾಗದೆ ಕಣ್ಣು ಕಣ್ಣು ಬಿಡುತ್ತಿದ್ದ ಅಬ್ದುಲ್ಲ ಕುಂಞಿ ಕೊನೆಗೆ ತಾನೇ ಒಂದು ದಾರಿ ಕಂಡುಕೊಂಡಿದ್ದ: ಇದು ಹೆಲ್ಮೆಟ್ ಹಾಕಿದ ಕಬಡ್ಡಿ. ಅಷ್ಟು ಹೊಳೆದದ್ದೇ ತಡ, ಡ್ವೇನ್‌ನ ಊರಿನ ವೈಕಿಂಗ್ಸ್ ತಂಡ ಅವನದೂ ತಂಡವಾಯಿತು.

ಜನವರಿಯಲ್ಲಿ ಪ್ಲೇಆಫ್ ಪಂದ್ಯಗಳು ಶುರುವಾದರೆ, ಗುರುವಾರ ಇಳಿಹೊತ್ತಿನ ಅಸರ್ ನಮಾಝ್ ಮುಗಿಸಿ ನಾಲ್ಕಾರು ಮಂದಿ ಇವರ ಮನೆಯಲ್ಲಿ ಸೇರುವ ರೂಢಿ. ಆಯಿಶತ್ ಗೋಳಿಬಜೆ ಕರಿಯುತ್ತಿದ್ದಳು, ಸುಲೈಮಾನಿ ಚಹಾ ಕಾಸುತ್ತಿದ್ದಳು. ಅಬ್ದುಲ್ಲ ಕುಂಞಿ ಗಂಟಲು ಸರಿಮಾಡಿಕೊಂಡು ಈ ವಾರ ಗೆಲ್ಲುವವರು ಯಾರು ಎಂದು ಕಾರಣಸಮೇತ ಹೇಳುತ್ತಿದ್ದ. ಬಾಜಿ ಕಟ್ಟುವ ಮಾತೇ ಇಲ್ಲ. "ಸೋತವನು ಎಲ್ಲರಿಗೂ ಅರಬಿಗಳ ಮಂದಿ ಅನ್ನ ತಿನ್ನಿಸಲಿ" ಎಂದು ಪಕ್ಕದ ಮನೆಯ ಉಮ್ಮರಬ್ಬ ಒಮ್ಮೆ ಹೇಳಿದ್ದಕ್ಕೆ, "ಅದು ಜೂಜಾಗ್ತದೆ ಮಾರಾಯ, ಹರಾಮ್" ಎಂದು ಬಾಯಿ ಮುಚ್ಚಿಸಿದ್ದ. ಹಾಗಾಗಿ ಅಲ್ಲಿ ಪಣಕ್ಕಿದ್ದದ್ದು ಅವನ ಮರ್ಯಾದೆ ಒಂದೇ. ಅದು ಪ್ರತಿ ವರ್ಷವೂ ಹೋಗುತ್ತಿತ್ತು.

ಯಾಕೆ ಹೋಗುತ್ತದೆ ಎಂಬುದು ಆಯಿಶತ್‌ಗೆ ಗೊತ್ತಿತ್ತು. ಅವಳು ಅದನ್ನು ಕಣ್ಣಾರೆ ಕಂಡಿದ್ದಳು. ಎರಡು ವರ್ಷದ ಹಿಂದೆ ಇವರನ್ನೆಲ್ಲ ಡ್ವೇನ್ ತನ್ನ ಮನೆಗೆ ಪಂದ್ಯ ನೋಡಲು ಕರೆದಿದ್ದ. ವೈಕಿಂಗ್ಸ್ ಒಂದೇ ಅಂಕದಿಂದ ಹಿಂದಿತ್ತು. ಕೊನೆಯ ಗಳಿಗೆಯಲ್ಲಿ ಚೆಂಡನ್ನು ಎರಡು ಕಂಬಗಳ ನಡುವೆ ಒದೆಯಬೇಕು, ಅಷ್ಟೆ. ದೂರವೂ ಇಲ್ಲ, ಮದ್ರಸದ ಮಕ್ಕಳು ಒದೆಯುವಷ್ಟು. ಅಬ್ದುಲ್ಲ ಕುಂಞಿ ಎದ್ದು ನಿಂತು, "ಎಂಥಾ ಕಾಲು ನೋಡಿ ಇವನದ್ದು! ಗೆದ್ದಾಯ್ತು!" ಎಂದುಬಿಟ್ಟ. ಚೆಂಡು ಎಡಕ್ಕೆ ಹೋಯಿತು. ಡ್ವೇನ್ ಸೋಫಾದಲ್ಲಿ ಮುಖ ಹುದುಗಿಸಿಕೊಂಡ.

ಮನೆಗೆ ಬರುವ ದಾರಿಯಲ್ಲೇ ಅವಳು ಹೇಳಿದ್ದಳು: "ಕಣ್ಣು ತಾಗಿದ್ದು. ನಿಮ್ಮದೇ ಕಣ್ಣು. ಅಷ್ಟು ಹೊಗಳಿದ್ರಲ್ಲ, ಒಂದು ಮಾಶಾ ಅಲ್ಲಾ ಹೇಳಿದ್ರಾ?"

ತವರೂರು ಉಪ್ಪಿನಂಗಡಿಯಲ್ಲಿ ಅವಳ ಉಮ್ಮ ಸಾಕಿದ ಎಮ್ಮೆಯನ್ನು ನೆರೆಯವಳೊಬ್ಬಳು ಬರೀ ಬಾಯಲ್ಲಿ ಹೊಗಳಿ ಹೋದ ಮರುದಿನದಿಂದ ಅದು ಕರೆಯಲು ಹೋದವರನ್ನು ಒದೆಯತೊಡಗಿತ್ತು. ಚೆಂದದ್ದನ್ನು ಕಂಡರೆ ಮೊದಲು ದೇವರ ಹೆಸರೆತ್ತಬೇಕು, ಆಮೇಲೆ ಹೊಗಳಬೇಕು. ಮಗುವಾಗಲಿ, ಮನೆಯಾಗಲಿ, ಎಮ್ಮೆಯಾಗಲಿ.

"ಮಗುವಿಗೆ ಹೇಳುವ, ಮನೆಗೆ ಹೇಳುವ," ಎಂದಿದ್ದ ಅಬ್ದುಲ್ಲ ಕುಂಞಿ. "ಒಬ್ಬರ ಮೇಲೊಬ್ಬರು ಬೀಳುವವರಿಗೆ ಎಂತ ಮಾಶಾ ಅಲ್ಲಾ? ಸುಮ್ಮನಿರು ನೀನು."

ಸುಮ್ಮನಿರುವುದು ಅವಳ ಜಾಯಮಾನವಲ್ಲ. ಆದರೂ ಮರುದಿನ ಉಪ್ಪು, ಒಣಮೆಣಸು ಹಿಡಿದು ಟಿವಿಗೆ ಮೂರು ಸುತ್ತು ನಿವಾಳಿಸಿ ಒಲೆಗೆ ಹಾಕಿದ್ದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಮಗಳು ಹಫ್ಸಾ ಕೆಮ್ಮುತ್ತಾ ಬಂದು ನೋಡಿ, ಇಂಗ್ಲಿಷ್‌ನಲ್ಲಿ ಏನೋ ಹೇಳಿ ಹೋದಳು.

ಈಗ ಎರಡು ಸಾವಿರದ ಹದಿನೆಂಟರ ಜನವರಿ. ವೈಕಿಂಗ್ಸ್ ಮತ್ತೆ ಪ್ಲೇಆಫ್‌ನಲ್ಲಿತ್ತು. ಹಿಂದಿನ ವಾರ ಬೇರೆ ತಂಡಗಳ ನಾಲ್ಕು ಪಂದ್ಯಗಳ ಬಗ್ಗೆ ಅಬ್ದುಲ್ಲ ಕುಂಞಿ ಹೇಳಿದ್ದು ನಾಲ್ಕಕ್ಕೆ ನಾಲ್ಕೂ ತಪ್ಪಾಗಿತ್ತು. ಬುಧವಾರ ಸಂಜೆ ಡ್ವೇನ್ ಒಬ್ಬನೇ ಮನೆಗೆ ಬಂದ. ಅವನ ಕೆಲಸ ಮುಗಿದಿತ್ತು; ಬರುವ ಮಂಗಳವಾರ ಜಿದ್ದಾದಿಂದ ವಿಮಾನ, ಆಮೇಲೆ ಮತ್ತೆ ಈ ದೇಶಕ್ಕೆ ಬರುವುದಿಲ್ಲ. ಚಹಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅವನು ಮೆಲ್ಲನೆ ಏನೋ ಕೇಳಿದ. ಅಬ್ದುಲ್ಲ ಕುಂಞಿಯ ಮುಖ ಸಣ್ಣದಾಯಿತು.

"ಎಂತ ಹೇಳಿದ್ದು ಅವ್ರು?" ಆಯಿಶತ್ ಒಳಗಿನಿಂದ ಮಗಳನ್ನು ಕೇಳಿದಳು.

"ಈ ಒಂದು ಸಲ ವೈಕಿಂಗ್ಸ್ ಸೋಲ್ತದೆ ಅಂತ ಉಪ್ಪ ಹೇಳಬೇಕಂತೆ," ಎಂದು ಹಫ್ಸಾ ಅಪ್ಪನ ಕಡೆ ತೋರಿಸಿ ನಗು ತಡೆದುಕೊಂಡಳು. "ಪ್ಲೀಸ್ ಅಂತೆ. ಅವರ ಅಪ್ಪನೂ ಈ ತಂಡ ಕಪ್ ಗೆಲ್ಲುದನ್ನು ಕಾಯ್ತಾ ಕಾಯ್ತಾನೇ ತೀರಿಹೋದ್ರಂತೆ."

ಆಯಿಶತ್‌ಗೆ ನಗು ಬರಲಿಲ್ಲ. ಗಂಡನ ಸ್ವಭಾವ ಅವಳಿಗೆ ಗೊತ್ತು. ತಪ್ಪಾದರೂ ಸರಿಯೆ, ಮನಸ್ಸಿನಲ್ಲಿದ್ದದ್ದನ್ನೇ ಹೇಳುತ್ತೇನೆ ಎಂಬುದೊಂದೇ ಅವನ ಹೆಮ್ಮೆ. ಊರೆಲ್ಲ ನಕ್ಕರೂ ಅದನ್ನು ಬಿಟ್ಟುಕೊಟ್ಟವನಲ್ಲ. ತನ್ನ ತಂಡದ ಪಂದ್ಯವನ್ನು ಒಮ್ಮೆಯಾದರೂ ಸರಿಯಾಗಿ ಹೇಳಿ, ಈ ಡ್ವೇನ್‌ನ ಮುಂದೆ ಎದೆಯುಬ್ಬಿಸಿ ನಿಲ್ಲಬೇಕು ಎಂಬ ಆಸೆ ಅವನಿಗೆ ಎಷ್ಟಿತ್ತೆಂದರೆ, ನಿದ್ದೆಯಲ್ಲೂ ಅವನು ಆಟಗಾರರ ಹೆಸರು ಗೊಣಗುವುದನ್ನು ಅವಳು ಕೇಳಿದ್ದಳು. ಇದೇ ಕೊನೆಯ ಅವಕಾಶ. ಆ ಅವಕಾಶವನ್ನೇ ದಾನ ಕೇಳಿದ್ದ ಪುಣ್ಯಾತ್ಮ.

ಗುರುವಾರ ಮನೆ ತುಂಬಿತ್ತು. ಗೋಳಿಬಜೆ ಖಾಲಿಯಾಗುತ್ತಾ ಬಂತು. ಅಬ್ದುಲ್ಲ ಕುಂಞಿ ಬೇರೆ ಮೂರು ಪಂದ್ಯಗಳ ಬಗ್ಗೆ ಎಂದಿನ ಹಾಗೆ ಹೇಳಿ ಮುಗಿಸಿದ. ನಾಲ್ಕನೆಯದು, ವೈಕಿಂಗ್ಸ್ ಮತ್ತು ಸೇಂಟ್ಸ್ ತಂಡಗಳ ಪಂದ್ಯ, ಬಂದಾಗ ಲೋಟ ಕೆಳಗಿಟ್ಟ. ಆಯಿಶತ್ ಪರದೆಯ ಹಿಂದೆ ಜಾಲರಿ ಸೌಟು ಹಿಡಿದು ನಿಂತಿದ್ದಳು.

"ಹೇಳು ಮಾರಾಯ, ಡ್ವೇನ್ ಸಾಹೇಬರ ಜೀವ ಬಾಯಿಗೆ ಬಂದಿದೆ," ಎಂದ ಉಮ್ಮರಬ್ಬ.

ಅಬ್ದುಲ್ಲ ಕುಂಞಿ ಡ್ವೇನ್‌ನ ಮುಖ ನೋಡಿದ. "ಈ ಸಲ ಸೇಂಟ್ಸ್ ಗೆಲ್ತದೆ," ಎಂದ. "ವೈಕಿಂಗ್ಸ್‌ಗೆ ಆಗ್ಲಿಕ್ಕಿಲ್ಲ."

ಮನೆಯೇ ಹಾರಿಹೋಗುವ ಹಾಗೆ ಚಪ್ಪಾಳೆ ಬಿತ್ತು. ತನ್ನ ತಂಡ ಸೋಲುತ್ತದೆ ಎಂದು ಕೇಳಿ ಡ್ವೇನ್ ಕಣ್ಣೊರೆಸಿಕೊಂಡು ನಕ್ಕ, ಉಮ್ಮರಬ್ಬ ಶಿಳ್ಳೆ ಹೊಡೆದ. ಎಲ್ಲರಿಗೂ ಹಬ್ಬ. ಗಂಡ ಮಾತ್ರ ತಟ್ಟೆಯಲ್ಲಿ ಉಳಿದ ಒಂದೇ ಗೋಳಿಬಜೆಯನ್ನು ಮುರಿದು ಮುರಿದು ಪುಡಿ ಮಾಡುತ್ತಿದ್ದುದನ್ನು ಆಯಿಶತ್ ಒಬ್ಬಳೇ ಕಂಡಳು. ಅವಳಿಗೆ ಆ ಬಿಳಿಯನ ಮೇಲೆ ಸಿಟ್ಟೇ ಬಂತು.

ಪಂದ್ಯ ಭಾನುವಾರ ಮಧ್ಯರಾತ್ರಿ ಕಳೆದು. ಸೋಮವಾರ ಬೆಳಗಿನ ಪಾಳಿ ಇದ್ದುದರಿಂದ ಅಬ್ದುಲ್ಲ ಕುಂಞಿ ಟಿವಿಯ ಹತ್ತಿರ ಹೋಗಲಿಲ್ಲ. ಆ ರಾತ್ರಿ ಇಶಾ ನಮಾಝ್ ಮುಗಿಸಿ ಬಂದವನು ಊಟಕ್ಕೆ ಕುಳಿತು ಕುಚ್ಚಲಕ್ಕಿ ಅನ್ನವನ್ನು ಕಲೆಸುತ್ತಲೇ ಇದ್ದ.

"ಮೀನು ಸರಿಯಾಗ್ಲಿಲ್ವಾ?" ಎಂದು ಕೇಳಿದಳು ಆಯಿಶತ್.

"ಮೀನು ಸರಿ ಉಂಟು. ನಾನು ಸರಿ ಇಲ್ಲ. ಆ ದಿನ ಅಷ್ಟು ಜನರ ಎದುರು ಸುಳ್ಳು ಹೇಳಿದೆ."

"ನಿಮ್ಮ ಮನಸ್ಸಲ್ಲಿ ಎಂತ ಉಂಟು? ನನ್ನ ಹತ್ರ ಹೇಳಿ."

"ನಿನಗೆ ಆ ಆಟ ಕಂಡರಾಗುದಿಲ್ಲ."

"ಆಟ ಬೇಡ. ನೀವು ಹೇಳುದು ಬೇಕು."

ಅವನು ಕೈ ತೊಳೆದು ಬಂದು ಕುಳಿತ. ಆಮೇಲೆ ಬಾಯಿ ಬಿಟ್ಟವನು ನಿಲ್ಲಿಸಲೇ ಇಲ್ಲ. ವೈಕಿಂಗ್ಸ್‌ನವರು ತಡೆಯುವುದರಲ್ಲಿ ಗಟ್ಟಿಗರು, ಓಡಿ ಬಂದವನನ್ನು ಹಿಡಿದರೆ ಬಿಡುವವರಲ್ಲ. ಸೇಂಟ್ಸ್‌ನ ಚೆಂಡೆಸೆಯುವವನು ಹಳೇ ಹುಲಿ, ಕೊನೆಯಲ್ಲಿ ಹೆದರಿಸುತ್ತಾನೆ. ಹೆದರಿದರೂ ಇವರೇ ಗೆಲ್ಲುವುದು. ಆಯಿಶತ್‌ಗೆ ಅರ್ಧ ಅರ್ಥವಾಗಲಿಲ್ಲ. ಆದರೆ ಗಂಡನ ಮುಖಕ್ಕೆ ಮೂರು ದಿನದ ಮೇಲೆ ಕಳೆ ಬಂದದ್ದು ಅರ್ಥವಾಯಿತು.

"ವೈಕಿಂಗ್ಸ್ ಗೆಲ್ತದೆ, ಬರೆದಿಟ್ಟುಕೋ!" ಎಂದು ಅವನು ಚಾಪೆ ತಟ್ಟಿದ.

"ಮಾಶಾ ಅಲ್ಲಾ ಹೇಳಿ."

"ಪುನಃ ಶುರು ಮಾಡಿದೆಯಾ?"

"ಇಲ್ಲಿ ಯಾರಿದ್ದಾರೆ ನಗ್ಲಿಕ್ಕೆ? ಹೇಳಿದ್ರೆ ಹಲ್ಲು ಉದುರ್ತದಾ?"

ಅಬ್ದುಲ್ಲ ಕುಂಞಿ ಬಾಗಿಲ ಕಡೆ ಒಮ್ಮೆ ನೋಡಿ, ಕಳ್ಳನ ಹಾಗೆ ಸ್ವರ ತಗ್ಗಿಸಿ, "ಮಾಶಾ ಅಲ್ಲಾ" ಎಂದ. ಆಮೇಲೆ ಫೋನ್ ಆಫ್ ಮಾಡಿ ಮಲಗಿಬಿಟ್ಟ.

ಬೆಳಿಗ್ಗೆ ಫಜ್ರ್ ನಮಾಝ್ ಮುಗಿಸಿ ಬರುವಾಗಲೂ ಅವನು ಯಾರನ್ನೂ ಏನೂ ಕೇಳಿರಲಿಲ್ಲ. ಆಯಿಶತ್ ನೀರುದೋಸೆಗೆ ಕಾವಲಿ ಇಟ್ಟಿದ್ದಳಷ್ಟೆ, ಹೊರಗೆ ಕಾರಿನ ಹಾರ್ನ್ ಒಂದೇ ಸಮನೆ ಕೂಗತೊಡಗಿತು. ಬಾಗಿಲು ತೆರೆದರೆ ಡ್ವೇನ್. ಕಣ್ಣು ಕೆಂಡದ ಹಾಗೆ ಕೆಂಪು, ತಲೆಯ ಮೇಲೆ ನೇರಳೆ ಬಣ್ಣದ ಹಳೇ ಟೋಪಿ, ಕಾಲಲ್ಲಿ ಒಂದೊಂದು ಬಗೆಯ ಚಪ್ಪಲಿ. ಅವನು ಅಬ್ದುಲ್ಲ ಕುಂಞಿಯನ್ನು ಅನಾಮತ್ತಾಗಿ ಎತ್ತಿ ಒಂದು ಸುತ್ತು ತಿರುಗಿಸಿದ. ಮದುವೆಯಾದಂದಿನಿಂದ ಗಂಡನನ್ನು ಯಾರಾದರೂ ಎತ್ತಿಕೊಂಡದ್ದನ್ನು ಆಯಿಶತ್ ಕಂಡದ್ದು ಅದೇ ಮೊದಲು.

ಗೆದ್ದಿದ್ದರು. ಅದೂ ಹೇಗೆ! ಡ್ವೇನ್ ಹೇಳುತ್ತಾ ಹೋದ, ಹಫ್ಸಾ ಉಮ್ಮನಿಗೆ ಕನ್ನಡದಲ್ಲಿ ಹೇಳುತ್ತಾ ಹೋದಳು. ಹದಿನೇಳು ಅಂಕ ಮುಂದಿದ್ದ ವೈಕಿಂಗ್ಸ್‌ನವರು ಎಲ್ಲವನ್ನೂ ಕಳೆದುಕೊಂಡರು. ಕೊನೆಗೆ ಉಳಿದದ್ದು ಹತ್ತು ಸೆಕೆಂಡು, ಒಂದು ಅಂಕ ಹಿಂದೆ. ಡ್ವೇನ್ ಟಿವಿ ಆರಿಸಲು ಎದ್ದೇಬಿಟ್ಟಿದ್ದನಂತೆ. ಅಷ್ಟರಲ್ಲಿ ಒಬ್ಬ ಉದ್ದಕ್ಕೆ ಎಸೆದ, ಇನ್ನೊಬ್ಬ ಜಿಗಿದು ಹಿಡಿದ, ತಡೆಯಲು ಬಂದವನು ಗುರಿ ತಪ್ಪಿ ತನ್ನವನಿಗೇ ಡಿಕ್ಕಿ ಹೊಡೆದ. ಹಿಡಿದವನ ಮುಂದೆ ಯಾರೂ ಇಲ್ಲ, ಬರೀ ಮೈದಾನ. ಓಡಿಯೇ ಓಡಿದ.

"ಎಲ್ಲಾ ನಿನ್ನಿಂದ," ಎಂದು ಡ್ವೇನ್ ಅಬ್ದುಲ್ಲ ಕುಂಞಿಯ ಎರಡೂ ಭುಜ ಹಿಡಿದುಕೊಂಡ. "ನೀನು ಸೋಲುತ್ತಾರೆ ಎಂದದ್ದಕ್ಕೇ ಗೆದ್ದರು. ಪ್ರಪಂಚದಲ್ಲಿ ನಿನ್ನಷ್ಟು ಚೆನ್ನಾಗಿ ತಪ್ಪು ಹೇಳುವವನು ಇನ್ನೊಬ್ಬನಿಲ್ಲ." ಟೋಪಿಯನ್ನು ತೆಗೆದು ಅವನ ತಲೆಗಿಟ್ಟ. ಅದು ಡ್ವೇನ್‌ನ ಅಪ್ಪನದಂತೆ.

ಅಬ್ದುಲ್ಲ ಕುಂಞಿಯ ತುಟಿ ಏನೋ ಹೇಳಲು ತೆರೆಯಿತು. ಆಯಿಶತ್‌ಗೆ ತಡೆಯಲಾಗಲಿಲ್ಲ. ತಪ್ಪು ಹೇಳಿದ್ದಂತೆ! ನಿನ್ನೆ ಇದೇ ಚಾಪೆಯ ಮೇಲೆ ಕೂತು ಸರಿ ಹೇಳಿದ್ದನ್ನು ಅವಳು ತನ್ನ ಎರಡು ಕಿವಿಯಾರೆ ಕೇಳಿದ್ದಳು. ಸೌಟು ಹಿಡಿದುಕೊಂಡೇ ಮುಂದೆ ಬಂದು, "ಹಫ್ಸಾ, ಅವ್ರಿಗೆ ಹೇಳು," ಎಂದಳು.

ಹಫ್ಸಾ ತಯಾರಾಗಿ ನಿಂತಳು. ಡ್ವೇನ್ ಅವಳ ಕಡೆ ತಿರುಗಿದ. ಗಂಡ ಡ್ವೇನ್‌ನ ಬೆನ್ನ ಹಿಂದಿನಿಂದ ಬೇಡ ಎನ್ನುವಂತೆ ಮೆಲ್ಲಗೆ ತಲೆಯಾಡಿಸಿದ. ಗಂಡನ ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ನಗುವಿತ್ತು. ಮನೆ, ಊರು, ಅಪ್ಪ ಎಲ್ಲವೂ ಒಟ್ಟಿಗೇ ಸಿಕ್ಕವನ ಹಾಗೆ ನಿಂತಿದ್ದ ಆ ಮುದುಕನಿಂದ ಇವನು ಏನನ್ನೂ ಕಿತ್ತುಕೊಳ್ಳುವವನಲ್ಲ.

"ಎಂತ ಹೇಳುದು ಉಮ್ಮ?"

"ದೋಸೆ ತಿಂದೇ ಹೋಗ್ಬೇಕು ಅಂತ ಹೇಳು," ಎಂದಳು ಆಯಿಶತ್. "ಹೊಟ್ಟೆ ತುಂಬ."

ಡ್ವೇನ್ ಹೊಟ್ಟೆ ತುಂಬ ತಿಂದ. ಹೋಗುವಾಗ ಮುಂದಿನ ಭಾನುವಾರಕ್ಕೂ ವೈಕಿಂಗ್ಸ್ ಸೋಲುತ್ತದೆ ಎಂದೇ ಹೇಳಬೇಕೆಂದು ಮಾತು ತೆಗೆದುಕೊಂಡು ಹೋದ. ಕಾರು ತಿರುವು ದಾಟುವವರೆಗೂ ಅಬ್ದುಲ್ಲ ಕುಂಞಿ ಕೈ ಬೀಸುತ್ತಿದ್ದ. ಪಾಳಿಗೆ ಹೊತ್ತಾಗಿತ್ತು. ಸೇಫ್ಟಿ ಹೆಲ್ಮೆಟ್ ಕೈಯಲ್ಲಿತ್ತು, ತಲೆಯ ಮೇಲಿನ ಟೋಪಿ ತೆಗೆಯಲು ಅವನಿಗೆ ಮನಸ್ಸಿರಲಿಲ್ಲ.

"ಇಷ್ಟು ವರ್ಷದಲ್ಲಿ ಒಂದೇ ಒಂದು ಸಲ ಸರಿ ಹೇಳಿದೆ," ಎಂದ. "ಕೇಳಿದ್ದು ನೀನೊಬ್ಬಳೇ."

"ಒಬ್ಬಳು ಸಾಕಾಗುದಿಲ್ವಾ?"

ನಿಧಾನಕ್ಕೆ ಅವನ ಮುಖವೆಲ್ಲ ನಗೆಯಾಯಿತು. "ಸಾಕು," ಎಂದ. "ಸಾಕು ಮಾರಾಯ್ತಿ, ಬೇಕಾದಷ್ಟಾಯ್ತು." ಎರಡು ಹೆಜ್ಜೆ ಹೋದವನು ತಿರುಗಿ ನಿಂತ. "ಹಾಗಾದ್ರೆ ನಿನಗೆ ಮಾತ್ರ ಹೇಳ್ತೇನೆ ಕೇಳು. ಮುಂದಿನ ವಾರವೂ ಇವ್ರೇ! ಎಂಥಾ ತಂಡ ಅದು, ಎಂಥಾ..."

ಆಯಿಶತ್ ಹಿಟ್ಟು ಮೆತ್ತಿದ ಕೈಯಿಂದಲೇ ಅವನ ಬಾಯಿ ಮುಚ್ಚಿದಳು.