ಆರಾಮ ಅದೇನಿ, ಇಂಡಿ

“ಏ ಸಿದ್ದಲಿಂಗ! ಆ ವೈರು ಕಡದಿ ಅಂದ್ರ ನಿನ್ನ ಕೈ ಕಡೀತೇನಿ ನೋಡು!”

ಮಾಳಿಗೆಯ ಮೇಲೆ ಆಂಟೆನಾ ಕಂಬಕ್ಕೆ ಆತುಕೊಂಡು ಇಕ್ಕಳದ ಬಾಯಿ ತೆರೆದಿದ್ದ ಸಿದ್ದಲಿಂಗ ಹಾಗೇ ನಿಂತುಬಿಟ್ಟ. ಕೆಳಗೆ ಅಂಗಳದಲ್ಲಿ ಚನ್ನವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೇಲೆ ನೋಡುತ್ತಿದ್ದಳು. ಗಂಡನ ಹೆಣದ ಮುಂದಿನಿಂದ ಎದ್ದು ಬಂದಿದ್ದಳು. ಬೆಳಗಿನಿಂದ ಅತ್ತೂ ಅತ್ತೂ ಬಿದ್ದುಹೋಗಿದ್ದ ದನಿ ಬೈಯಲಿಕ್ಕೆ ಮಾತ್ರ ಸರಿಯಾಗಿಯೇ ಇತ್ತು.

“ದೊಡವ್ವ, ಪ್ಲಗ್ ಕಿತ್ತಿದ್ರೂ ಅದು ಸುಮ್ಮಗಾಗವಲ್ದು. ಒಳಗ ಬ್ಯಾಟರಿ ಐತಿ. ಭಜನಿಯವರು ಹೆದರಾಕತ್ತಾರ.”

“ಹೆದರ್ಲಿ. ನೀ ಇಳಿ ಕೆಳಗ.”

ಪಡಸಾಲೆಯಲ್ಲಿ ಮಡಿವಾಳಪ್ಪನನ್ನು ಗೋಡೆಗೆ ಆನಿಸಿದ ಕುರ್ಚಿಯಲ್ಲಿ ಕೂಡಿಸಿದ್ದರು. ಹಣೆ ತುಂಬ ವಿಭೂತಿ, ತಲೆಗೆ ರುಮಾಲು, ಕೊರಳಲ್ಲಿ ಹಾರ. ಪಕ್ಕದ ಕೋಣೆಯಿಂದ ಆಗಾಗ ‘ಜರ್ರ್ರ್’ ಎಂದು ಕತ್ತೆ ಮೂಗಿನಿಂದ ಹಾಡಿದಂಥ ಸದ್ದು ಬರುತ್ತಿತ್ತು. ಬಂದಾಗಲೆಲ್ಲ ಭಜನೆಯವರ ತಾಳ ತಪ್ಪುತ್ತಿತ್ತು. ಅಲ್ಲಿದ್ದ ಕಂಪ್ಯೂಟರಿನ ಪರದೆಯ ಮೇಲೆ, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಮೂಡುತ್ತಿತ್ತು: ‘ಮಡಿವಾಳಪ್ಪ, ಇಂಡಿ. ಆರಾಮ ಅದೇನಿ.’

ಅವನೇ ಹಾಗೆ ಹೊಂದಿಸಿಟ್ಟು ಹೋಗಿದ್ದ. ಸ್ವಲ್ಪ ಸ್ವಲ್ಪ ಹೊತ್ತಿಗೆ ಅದು ತಾನೇ ತಾನಾಗಿ ಗಾಳಿಗೆ ಈ ಸುದ್ದಿ ಬಿಡುತ್ತಿತ್ತು. ಸಿಂದಗಿಯಲ್ಲಿ ಅವನ ಗೆಳೆಯ ಜೈನುದ್ದೀನ ಅದನ್ನು ಓದಿ ನಂಬುತ್ತಿದ್ದ. ಪೇಚಿಗಿಟ್ಟುಕೊಂಡದ್ದೇ ಅಲ್ಲಿ.

“ಮತ್ತೊಮ್ಮೆ ಫೋನ್ ಹಚ್ಚವಾ” ಎಂದಳು ಚನ್ನವ್ವ.

ಮುದ್ದೇಬಿಹಾಳದಿಂದ ನಸುಕಿನಲ್ಲೇ ಬಂದಿದ್ದ ಮಗಳು ಶೈಲಶ್ರೀ ಮೂಗು ಒರೆಸಿಕೊಂಡು ಹಚ್ಚಿದಳು. ಸ್ಪೀಕರಿನಲ್ಲಿ ಜೈನುದ್ದೀನನ ನಗು ಪಡಸಾಲೆ ತುಂಬ ಕೇಳಿಸಿತು.

“ಬೇಟಿ, ಹೋದ ಸಲಕ್ಕಿಂತ ಈ ಸಲ ಚೊಲೊ ಅಳಾಕತ್ತಿ. ಫೋಟೊನೂ ಬಂತು. ವಿಭೂತಿ ಭಾರಿ ಹಚ್ಚ್ಯಾನ. ಆದ್ರ ನಾ ಬರಂಗಿಲ್ಲಂತ ಹೇಳು ನಿಮ್ಮಪ್ಪಗ.”

ಫೋನು ಕಟ್ಟಾಯಿತು. ಆಮೇಲೆ ಸ್ವಿಚ್ ಆಫ್.

ಬಸವನ ಬಾಗೇವಾಡಿಯಿಂದ ಬಂದಿದ್ದ ಮೈದುನ ಶ್ರೀಶೈಲ ಹಣೆ ಚಚ್ಚಿಕೊಂಡ. “ವೈನಿ, ನನ್ನ ಡ್ರೈವರ್‌ನೂ ಕಳಿಸಿ ಆತು. ಸಿಂದಗ್ಯಾಗ ಜೈನುದ್ದೀನ ಬಾಗಲಾ ಸುದ್ದಾ ತಗೀಲಿಲ್ಲಂತ. ಕಿಡಕ್ಯಾಗಿಂದ ಕಂಪ್ಯೂಟರ್ ತೋರಿಸಿ, ನೋಡಪಾ, ಆರಾಮ ಅದಾನ ಅಂದನಂತ. ಹೊತ್ತು ಮುಳುಗೂದ್ರಾಗ ಮಣ್ಣಾಗಬೇಕು. ಹೊಲದಾಗ ಕುಣಿ ತಯಾರೈತಿ, ಪೂಜಿಗೆ ಐನಾರು ಕುಂತಾರ. ಹೆಣಾ ಎಬ್ಬಿಸೂಣಲ್ಲ?”

“ಜೈನುದ್ದೀನಣ್ಣ ಬರೂತನಕ ಎಬ್ಬಿಸಂಗಿಲ್ಲ. ಮಾತು ಕೊಟ್ಟೇನಿ.”

ಹಿಂದಿನ ರಾತ್ರಿ ಎದೆನೋವು ಬಂದಾಗ ಮಡಿವಾಳಪ್ಪ ಕೇಳಿದ್ದು ಇಷ್ಟೇ: “ಅಂವಾ ಬರೂತನಕ ನನ್ನ ಎಬ್ಬಿಸಬ್ಯಾಡ್ರಿ.” ಅವಳು ಹೂಂ ಅಂದಿದ್ದಳು. ಇಡೀ ಸಂಸಾರದಲ್ಲಿ ಜಗಳವಿಲ್ಲದೆ ಹೂಂ ಅಂದದ್ದು ಅದೊಂದೇ ಸಲ.

* * *

ಮಡಿವಾಳಪ್ಪನದು ಇಂಡಿಯಲ್ಲಿ ಪಂಪ್‌ಸೆಟ್ ಸಾಮಾನಿನ ಅಂಗಡಿ. ಜೈನುದ್ದೀನನದು ಸಿಂದಗಿ ಬಸ್ ನಿಲ್ದಾಣದ ಎದುರು ರೇಡಿಯೊ, ಟಿವಿ ರಿಪೇರಿ. ಇಬ್ಬರೂ ತಲೆ ನರೆತ ಮೇಲೆ ಹವ್ಯಾಸಿ ರೇಡಿಯೊದವರ ಹ್ಯಾಮ್ ಪರೀಕ್ಷೆ ಕಟ್ಟಿ, ಪಾಸಾಗಿ, ಹುಡುಗರ ಹಾಗೆ ಪೇಢಾ ಹಂಚಿದ್ದರು. ಆಮೇಲೆ ಹತ್ತಿದ್ದು ಈ ಪ್ಯಾಕೆಟ್ ರೇಡಿಯೊದ ಹುಚ್ಚು. ಕಂಪ್ಯೂಟರಿನಲ್ಲಿ ಒತ್ತಿದ ಅಕ್ಷರವನ್ನು ಒಂದು ಡಬ್ಬಿ ಸದ್ದು ಮಾಡುತ್ತದೆ, ರೇಡಿಯೊ ಆ ಸದ್ದನ್ನು ಗಾಳಿಗೆ ಬಿಡುತ್ತದೆ, ಆ ಊರಿನ ಡಬ್ಬಿ ಅದನ್ನು ಹಿಡಿದು ಮತ್ತೆ ಅಕ್ಷರ ಮಾಡುತ್ತದೆ. ಮುಟ್ಟಿತೆಂದರೆ ಈ ಕಡೆಯ ಡಬ್ಬಿಯಲ್ಲಿ ಹಸಿರು ದೀಪ ಮಿನುಗುತ್ತದೆ.

ಒಂದು ಬೇಸಿಗೆ ಪೂರಾ ಅದು ಮಿನುಗಲಿಲ್ಲ. ಚನ್ನವ್ವನ ಅರಿವೆ ಒಣಹಾಕುವ ಕಬ್ಬಿಣದ ಕಂಬ ಆಂಟೆನಾಕ್ಕೆ ಹೋಯಿತು. ಟ್ರ್ಯಾಕ್ಟರಿನ ಬ್ಯಾಟರಿ ದೇವರ ಕೋಣೆಯ ಪಕ್ಕಕ್ಕೆ ಬಂತು. ನಡುವೆ ತಾಂಬಾದಲ್ಲಿ ಬೀಗರ ಮಾಳಿಗೆಯ ಮೇಲೆ ಮಾತು ಹಿಡಿದು ದಾಟಿಸುವ ಇನ್ನೊಂದು ಡಬ್ಬಿ ಕೂತ ಮೇಲೆ, ಅಂತೂ ಒಂದು ಸಂಜೆ ಮಡಿವಾಳಪ್ಪ ಕೂಗಿಕೊಂಡ, “ಮುಟ್ಟಿತು! ಏ ಇವಳ, ಮುಟ್ಟಿತು!”

“ಏನ್ ಕಳಿಸಿದ್ರಿ?”

“ಊಟ ಆತೇನು ಅಂತ.”

“ಅಂವಾ ಏನಂದ?”

“ಆತು ಅಂದ.”

“ಇದನ್ನ ಕೇಳಾಕ ನನ್ನ ಕಂಬ ಕಿತ್ತ್ರಿ? ಫೋನ್ ಹಚ್ಚಾಕ ಏನಾಗಿತ್ತು?”

“ಭೀಮಾ ಹೊಳಿ ಬಂದು ಫೋನ್ ಬಂದ್ ಆದ ದಿನ ಗೊತ್ತಾಗತೈತಿ ನಿನಗ.”

ಹೊಳೆ ಬಂತು. ಫೋನು ಮಾತ್ರ ಬಂದ್ ಆಗಲಿಲ್ಲ. ಇಬ್ಬರೂ ಅವತ್ತು ಸೂತಕದವರ ಹಾಗೆ ಮುಖ ಮಾಡಿಕೊಂಡು ಕೂತಿದ್ದರು.

ಆಮೇಲೆ ತಾಲೀಮು ಶುರುವಾಯಿತು. ಹೊಳೆ ಬಂದಾಗ ಗಾಳಿಸುದ್ದಿ ಹಬ್ಬುತ್ತದೆ, ಅದಕ್ಕೆ ಫೋನಿನ ಮಾತು ನಂಬಬಾರದು, ರೇಡಿಯೊದಲ್ಲಿ ಬಂದದ್ದಷ್ಟೇ ಖರೆ ಎಂದು ಇಬ್ಬರೂ ಆಣೆ ಮಾಡಿಕೊಂಡರು. ಪರೀಕ್ಷೆಗೆಂದು ಮಡಿವಾಳಪ್ಪ ಒಂದು ಸಲ ಹಾರ ಹಾಕಿಕೊಂಡು ಕೂತು ಫೋಟೊ ತೆಗೆಸಿದ, ಮಗಳ ಕೈಯಲ್ಲಿ ಫೋನ್ ಮಾಡಿಸಿ ಅಳಿಸಿದ. ಜೈನುದ್ದೀನ ಹೆಂಡತಿ ಅಮೀನಾಬಿಯನ್ನು ಸ್ಕೂಟರಿನ ಹಿಂದೆ ಕೂಡಿಸಿಕೊಂಡು ಎದ್ದೆನೋ ಬಿದ್ದೆನೋ ಅಂತ ಬಂದರೆ, ಈತ ಮಿರ್ಚಿ ಭಜಿ ತಿನ್ನುತ್ತ ಕೂತಿದ್ದ. “ತಾಲೀಮಿನ್ಯಾಗ ಫೇಲ್ ಆದಿ! ರೇಡಿಯೊ ನೋಡಿಲ್ಲ ನೀ!” ಜೈನುದ್ದೀನ ಭಜಿಯ ತಟ್ಟೆ ಅಂಗಳಕ್ಕೆ ಎಸೆದು ಹೋಗಿದ್ದ. ಇನ್ನು ಫೋನಿನ ಮಾತಿಗೆ ಬಂದರೆ ನನ್ನ ಹೆಸರು ಜೈನುದ್ದೀನ ಅಲ್ಲ ಎಂದಿದ್ದ.

ಹಂಗಂತ ಗೆಳೆತನ ಬಿಡಲಿಲ್ಲ. ದಿನಾ ರಾತ್ರಿ ಊಟದ ಹೊತ್ತಿಗೆ ಮರೆಯಬಾರದೆಂದು ಜೈನುದ್ದೀನ ತನ್ನ ಯಂತ್ರಕ್ಕೇ ‘ಊಟ ಆತೇನು?’ ಎಂದು ಕೇಳಲು ಹೇಳಿಟ್ಟಿದ್ದ.

* * *

ಬಿಸಿಲು ಇಳಿಯತೊಡಗಿತು. ಐನಾರು ಎರಡು ಸಲ ಕೆಮ್ಮಿದರು.

ಚನ್ನವ್ವ ಎದ್ದು ಗಂಡನ ಕೋಣೆಗೆ ಹೋಗಿ ಕುರ್ಚಿ ಎಳೆದು ಕೂತಳು. ಎಲ್ಲರೂ ಬಾಗಿಲಲ್ಲಿ ಮುತ್ತಿದರು.

“ನಿನಗ ಬರತೈತೇನಬೇ?” ಎಂದಳು ಶೈಲಶ್ರೀ.

“ನಿಮ್ಮಪ್ಪನ ಕಣ್ಣಿನ ಆಪರೇಶನ್ ಆದಾಗ ಒತ್ತಿದವರು ಯಾರು? ಬರತೈತಿ ಅಂದ್ರ ದಿನಾ ನನ್ನ ಇದಕ್ಕ ಹಚ್ಚತಿದ್ರು. ಅದಕ್ಕ ಬರಂಗಿಲ್ಲ ಅಂತಿದ್ದೆ.”

“ಲೈಸನ್ಸ್ ಇಲ್ದ ಕಳಿಸಿದ್ರ ಕೇಸ್ ಆಗತೈತಂತ್ರಿ ದೊಡವ್ವ” ಎಂದ ಸಿದ್ದಲಿಂಗ.

“ಹಾಕ್ಲಿ. ಜೇಲಿನ್ಯಾಗರ ಇದರ ಸಪ್ಪಳ ಇರಂಗಿಲ್ಲ.”

ಬೆರಳು ಕೀಲಿಗಳ ಮೇಲೆ ನಿಂತಿತು. ಸತ್ತರು ಎಂದು ಬರೆದರೆ ಹಿಂದೆಯೇ ‘ಆರಾಮ ಅದೇನಿ’ ಹೋಗುತ್ತದೆ, ಅದನ್ನೂ ತಾಲೀಮು ಅಂದಾನು ಆ ಮನುಷ್ಯ. ಅವಳು ಅಡುಗೆ ಮನೆಯ ಕಡೆ ನೋಡಿದಳು. ಹೆಣವಿರುವ ಮನೆ, ಬೆಳಗಿನಿಂದ ಬೆಂಕಿ ಕಂಡಿರಲಿಲ್ಲ. ಎಂಥ ಜ್ವರವಿದ್ದರೂ, ಎಂಥ ಜಗಳವಾದರೂ ಈ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಅದನ್ನು ಜೈನುದ್ದೀನನಷ್ಟು ಬಲ್ಲವರು ಯಾರೂ ಇರಲಿಲ್ಲ. ಒಂದೇ ಬೆರಳಿನಿಂದ ಒತ್ತಿದಳು.

‘ನಾ ಚನ್ನವ್ವ. ನಮ್ಮ ಮನ್ಯಾಗ ಒಲಿ ಹಚ್ಚಿಲ್ಲ.’

ಜರ್ರ್ರ್. ಹಸಿರು ದೀಪ ಮಿನುಗಿತು.

ನೆರಳು ಉದ್ದವಾಗುವ ಹೊತ್ತಿಗೆ ಸ್ಕೂಟರ್ ಬಂತು. ಜೈನುದ್ದೀನನ ಕಾಲಲ್ಲಿ ಎರಡು ತರದ ಚಪ್ಪಲಿ ಇದ್ದವು. ಹಿಂದೆ ಅಮೀನಾಬಿ ಮಡಿಲಲ್ಲಿ ಬುತ್ತಿ ಗಂಟು ಹಿಡಿದಿದ್ದಳು. ಜೈನುದ್ದೀನ ಯಾರನ್ನೂ ನೋಡದೆ ಪಡಸಾಲೆಗೆ ಹೋಗಿ ಗೆಳೆಯನ ಎದುರು ಕುಕ್ಕರಿಸಿದ.

“ತಾಲೀಮು ಅನ್ನೋ, ಹಲ್ಕಟ್. ಒಮ್ಮೆ ಅನ್ನು. ಈ ಸಲ ಭಜಿ ತಾಟು ಒಗಿಯಂಗಿಲ್ಲ ನಾ.” ಅವನ ಕೈ ಹಿಡಿದು ಅಲ್ಲಾಡಿಸಿದ. ಆಮೇಲೆ ಮಕ್ಕಳ ಹಾಗೆ ಬಾಯಿಬಿಟ್ಟು ಅತ್ತ. ಚನ್ನವ್ವ ಶ್ರೀಶೈಲನಿಗೆ ಹೇಳಿದಳು, “ಎಬ್ಬಿಸ್ರಿ ಇನ್ನ.”

ಕೂಡಿಸಿದ ಕುರ್ಚಿಯನ್ನು ನಾಲ್ವರು ಎತ್ತಿದರು. ಒಂದು ಕಾಲಿಗೆ ಜೈನುದ್ದೀನ ಹೆಗಲು ಕೊಟ್ಟಿದ್ದ. ಸರಿಯಾಗಿ ಆಗಲೇ ಕೋಣೆಯಿಂದ ಜರ್ರ್ರ್ ಎಂದಿತು. ಆರಾಮ ಅದೇನಿ.

“ಗೊತ್ತಾತು, ನಡಿ” ಎಂದ ಜೈನುದ್ದೀನ. ಅಳುತ್ತಿದ್ದವರಿಗೆ ನಗು ತಡೆಯಲಾಗಲಿಲ್ಲ.

* * *

ಮಣ್ಣು ಮುಗಿಸಿ, ಸ್ನಾನ ಮಾಡಿ ಬಂದಾಗ ದೀಪ ಹಚ್ಚುವ ಹೊತ್ತು ಕಳೆದಿತ್ತು. ಜೈನುದ್ದೀನ ಮೊದಲು ಕಂಪ್ಯೂಟರಿನ ಮುಂದೆ ಕೂತು ‘ಆರಾಮ ಅದೇನಿ’ಯನ್ನು ನಿಲ್ಲಿಸಿದ. ಮನೆ ಒಮ್ಮೆಲೇ ಬಿಕೋ ಎಂದಿತು. ಇಷ್ಟು ವರ್ಷ ಆ ಸದ್ದಿಗೆ ಶಾಪ ಹಾಕಿದ್ದ ಚನ್ನವ್ವನಿಗೆ ಕಿವಿಯೇ ಹೋದ ಹಾಗಾಯಿತು.

ಅಮೀನಾಬಿ ಬುತ್ತಿ ಬಿಚ್ಚಿ ಜೋಳದ ರೊಟ್ಟಿ, ಕಡಲೆ ಹಿಟ್ಟಿನ ಝುಣಕ ಬಡಿಸಿದಳು. ಎಲ್ಲರೂ ಉಂಡರು. ಚನ್ನವ್ವ ಮಾತ್ರ ತಾಟು ಸರಿಸಿದಳು. “ಸೇರಂಗಿಲ್ಲ ನನಗ.”

ಆಗ ಕೋಣೆಯಲ್ಲಿ ಜರ್ರ್ರ್ ಎಂದಿತು. ಎಲ್ಲರೂ ಬೆಚ್ಚಿದರು. ತನ್ನ ಯಜಮಾನ ಜೈನುದ್ದೀನ ಇಂಡಿಯಲ್ಲಿದ್ದಾನೆಂದು ಸಿಂದಗಿಯ ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ಪರದೆಯ ಮೇಲೆ ದಿನದ ಪ್ರಶ್ನೆ ಬಂದಿತ್ತು.

‘ಊಟ ಆತೇನು?’

ಚನ್ನವ್ವ ಹೋಗಿ ಕುರ್ಚಿಯಲ್ಲಿ ಕೂತಳು. ‘ಆತು’ ಎಂದು ಒತ್ತಲು ಬೆರಳು ಎತ್ತಿದಳು.

“ವೈನಿ,” ಎಂದ ಜೈನುದ್ದೀನ ಬಾಗಿಲಲ್ಲಿ ನಿಂತು, “ರೇಡಿಯೊದಾಗ ಸುಳ್ಳು ಕಳಸಾಕ ಬರಂಗಿಲ್ಲರಿ. ಆಣಿ ಐತಿ.”

ಅವಳು ಅವನನ್ನು ದುರುಗುಟ್ಟಿ ನೋಡಿದಳು. ಅಮೀನಾಬಿ ತಾಟು ತಂದು ಕೀಲಿಗಳ ಪಕ್ಕದಲ್ಲಿಟ್ಟಳು. ಚನ್ನವ್ವ ರೊಟ್ಟಿ ಮುರಿದು, ಝುಣಕಕ್ಕೆ ಅದ್ದಿ, ಬಾಯಿಗಿಟ್ಟುಕೊಂಡು ಅಗಿದಳು. ನುಂಗಿದಳು. ಆಮೇಲೆ ಎಡಗೈಯ ಒಂದೇ ಬೆರಳಿನಿಂದ ಒತ್ತಿ, ಹಸಿರು ದೀಪ ಮಿನುಗುವುದನ್ನೇ ಕಾಯುತ್ತ ಕೂತಳು.